ಸಮುದ್ರತಳದ ಪೈಪ್‌ಲೈನಿಗೆ ಸಪೋರ್ಟ್ ಕೊಡೋದು ಹೇಗೆ? ಕೈಲೆಕ್ಕ 277 ಮಿ.ಮೀ., ಸಾಫ್ಟ್‌ವೇರ್ 121 ಮಿ.ಮೀ.

ಬೈತಕೋಲ (ಕಾರವಾರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದು ಕಲಿಯಲಿಕ್ಕೆಂದು ಕಟ್ಟಿಕೊಂಡ ಮಾಡೆಲ್, ಯಾವ ಯೋಜನೆಯದ್ದೂ ಅಲ್ಲ. ತಳ ಮಾತ್ರ ನಮ್ಮ ಕಡೆಯದ್ದೇ ಹಿಡಿದಿದ್ದೇನೆ: ದಂಡೆಯ ಹತ್ತಿರ ಗುಡ್ಡದ ಬುಡದಿಂದ ಇಳಿದ ಬಂಡೆ, ಅದು ದಾಟಿದ ಮೇಲೆ ಮೆತ್ತನೆಯ ಕೆಸರು.

ಪೈಪು 12 ಇಂಚಿನದು. ಹೊರವ್ಯಾಸ 323.9 ಮಿ.ಮೀ., ಗೋಡೆ 12.7 ಮಿ.ಮೀ., ಉಕ್ಕು ಎಕ್ಸ್65. ಮೇಲೆ 3.2 ಮಿ.ಮೀ. ಪಾಲಿಎಥಿಲೀನ್ ಲೇಪ, ಅದರ ಮೇಲೆ 50 ಮಿ.ಮೀ. ಕಾಂಕ್ರೀಟ್ (ಘನಮೀಟರಿಗೆ 3,040 ಕೆ.ಜಿ.). ಒಳಗೆ ಘನಮೀಟರಿಗೆ 860 ಕೆ.ಜಿ. ತೂಗುವ ಕಚ್ಚಾ ಎಣ್ಣೆ, 50 ಬಾರ್, 60 ಡಿಗ್ರಿ. ಹೊರಗಿನ ನೀರು 26 ಡಿಗ್ರಿ. ಆಳ 18 ಮೀಟರ್, ಉದ್ದ 4 ಕಿ.ಮೀ. ಒಂದು ತುದಿ ಜೆಟ್ಟಿಯ ರೈಸರಿಗೆ (ತಳದಿಂದ ಮೇಲಕ್ಕೆ ಏರುವ ಪೈಪು), ಇನ್ನೊಂದು ತಳದ ಮ್ಯಾನಿಫೋಲ್ಡಿಗೆ (ಪೈಪುಗಳು ಕೂಡುವ ಜಾಗ). ಎರಡೂ ಕಡೆ ಸ್ಪೂಲ್ (ಹಿಗ್ಗುವಿಕೆ ನುಂಗಲು ಬೆಂಡ್ ಇಟ್ಟ ಜೋಡಣೆಯ ತುಂಡು) ಇದೆ.

ಸೀಸರ್ 2 ಎಂಬ ಪೈಪ್ ಸ್ಟ್ರೆಸ್ ಸಾಫ್ಟ್‌ವೇರಿನಲ್ಲಿ 12 ಮೀಟರಿಗೊಂದು +ವೈ ಸಪೋರ್ಟ್ (ಕೆಳಗಿನಿಂದ ಹೊರುವುದು ಮಾತ್ರ, ಮೇಲೇಳುವುದನ್ನು ತಡೆಯದು) ಕೊಟ್ಟು ಮ್ಯೂ, ಅಂದರೆ ಘರ್ಷಣೆಯ ಗುಣಾಂಕ, 0.5 ಹಾಕಿದೆ. ಪೈಪು ಅತ್ತಿತ್ತ ಸರಿಯದಿರಲೆಂದು 24 ಮೀಟರಿಗೊಂದು ಗೈಡ್. ತುದಿಯ ಹಿಗ್ಗುವಿಕೆ 121 ಮಿ.ಮೀ. ಬಂತು. ಅದೇ ಮ್ಯೂ ಹಿಡಿದು ಕೈಲೆಕ್ಕ ಮಾಡಿದರೆ 277 ಮಿ.ಮೀ. ಇಷ್ಟು ಅಂತರ ಎಂತಕ್ಕೆ? ಸ್ಪೂಲಿನ ಬೆಂಡ್ ಹತ್ತಿರದ ಎರಡು ಗೈಡುಗಳಲ್ಲಿ ಬರುವ ಲೋಡಂತೂ ನಂಬುವಂತಿಲ್ಲ.

ಇನ್ನೂ ಎರಡು ಸಂಶಯ. ಬಂಡೆ ಮುಗಿಯುವಲ್ಲಿ 20 ಮೀಟರಿನ ಸ್ಪ್ಯಾನ್ (ಪೈಪು ತಳಕ್ಕೆ ತಾಗದ ಭಾಗ) ಇದೆ, ನಡುವೆ ಗ್ರೌಟ್ ಬ್ಯಾಗ್ (ಸಿಮೆಂಟ್ ಗಾರೆ ತುಂಬುವ ಚೀಲ) ಇಡುವ ಲೆಕ್ಕ. ಅದಕ್ಕೆ ಬರೀ +ವೈ ಸಾಕೇ? ರೈಸರಿನ ಕ್ಲಾಂಪುಗಳನ್ನೆಲ್ಲ ಆಂಕರ್ (ಎಲ್ಲ ದಿಕ್ಕಿಗೂ ಬಿಗಿ) ಅಂತ ಕೊಟ್ಟಿದ್ದೇನೆ, ಅಡ್ಡಿಲ್ಲವೇ?

ಅಡಿಕೆ ದಬ್ಬೆ (ಶಿರಸಿ) ಉತ್ತರ:

ಬೈತಕೋಲದವರೇ, ಉತ್ತರ ನಿಮ್ಮ ಎರಡು ಅಂಕಿಗಳ ಅಂತರದಲ್ಲೇ ಇದೆ. ಮಾಡೆಲ್‌ನಲ್ಲಿ ಎರಡು ತಪ್ಪು ಒಟ್ಟಿಗೆ ಕೂತಿವೆ. ಒಂದೊಂದಾಗಿ ಬಿಡಿಸುವ.

ಮೊದಲು ತೂಕ. ಮೀಟರಿಗೆ ಉಕ್ಕು 97.5 ಕೆ.ಜಿ., ಲೇಪ 3.1, ಕಾಂಕ್ರೀಟ್ 181.6, ಎಣ್ಣೆ 60.2. ಒಟ್ಟು 342.4 ಕೆ.ಜಿ. ಕಾಂಕ್ರೀಟಿನ ಹೊರವ್ಯಾಸ 430.3 ಮಿ.ಮೀ. ಆದ್ದರಿಂದ ಪೈಪು ಮೀಟರಿಗೆ 149.1 ಕೆ.ಜಿ. ಸಮುದ್ರದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ನೀರೊಳಗಿನ ತೂಕ 193.3 ಕೆ.ಜಿ., ಅಂದರೆ ಮೀಟರಿಗೆ 1.896 ಕಿಲೋನ್ಯೂಟನ್. ಮ್ಯೂ 0.5 ಆದರೆ ಘರ್ಷಣೆ 0.948. ನಿಮ್ಮ ಕೈಲೆಕ್ಕ ಇದನ್ನು ಹಿಡಿದಿದೆ. ಸಾಫ್ಟ್‌ವೇರ್ ಮಾತ್ರ ಗಾಳಿಯಲ್ಲಿನ ತೂಕವನ್ನೇ ಹಿಡಿದು ಮೀಟರಿಗೆ 1.68 ಕಿಲೋನ್ಯೂಟನ್ ಘರ್ಷಣೆ ಕೊಡ್ತಾ ಇದೆ. ತೇಲುವ ಬಲವನ್ನು ನೀವು ಎಲ್ಲಿಯೂ ಕೊಟ್ಟಿಲ್ಲ.

ಎರಡನೆಯದು ಪ್ರೆಶರ್. ಪೂರ್ತಿ ಬಿಗಿಹಿಡಿದ ಪೈಪಿನಲ್ಲಿ ಹುಟ್ಟುವ ಅಕ್ಷೀಯ ಬಲದಲ್ಲಿ ಎರಡು ಪಾಲಿವೆ. ಉಷ್ಣತೆಯ ಪಾಲು: ಉಕ್ಕಿನ ಅಡ್ಡಕೊಯ್ತ 12,416 ಚದರ ಮಿ.ಮೀ., 34 ಡಿಗ್ರಿ ಏರಿಕೆ, ಹಿಗ್ಗುವ ಗುಣಾಂಕ ಡಿಗ್ರಿಗೆ ಮೀಟರಿಗೆ 11.7 ಮೈಕ್ರೋಮೀಟರ್, ಒಟ್ಟು 1,022 ಕಿಲೋನ್ಯೂಟನ್. ಪ್ರೆಶರ್ ಪಾಲು: 5 ಮೆಗಾಪಾಸ್ಕಲ್ × ಒಳವಿಸ್ತೀರ್ಣ 0.07 ಚದರ ಮೀಟರ್ × 0.4, ಅಂದರೆ 140. ಕೂಡಿದರೆ 1,162. (0.4 ಅನ್ನೋದು ಒಂದರಿಂದ ಪಾಯ್ಸನ್ ಅನುಪಾತದ ಎರಡರಷ್ಟನ್ನು ಕಳೆದದ್ದು. ಸಮುದ್ರದ ಪೈಪ್‌ಲೈನಿಗೆ ಡಿಎನ್‌ವಿ ಸಂಸ್ಥೆ ಕೊಟ್ಟ ಮಾನದಂಡ ಎಸ್‌ಟಿ-ಎಫ್101ರ ಸೂತ್ರವೂ ಇದೇ. ಅಲ್ಲಿ ಹಾಕುವಾಗ ಉಳಿದ ಎಳೆತವನ್ನು ಇದರಿಂದ ಕಳೆಯಲಿಕ್ಕೆ ಉಂಟು. ಇಲ್ಲಿ ಅದು ಸೊನ್ನೆ ಅಂತ ಹಿಡಿದಿದ್ದೇನೆ.) ಸೀಸರ್‌ನಲ್ಲಿ ಬೋರ್ಡನ್ ಆಯ್ಕೆಯನ್ನು ನೀವಾಗಿ ತೆರೆಯದಿದ್ದರೆ ಪ್ರೆಶರಿನಿಂದಾಗುವ ಉದ್ದದ ಹಿಗ್ಗುವಿಕೆ ಲೆಕ್ಕಕ್ಕೇ ಬರೋದಿಲ್ಲ. ಕಾರ್ಖಾನೆಯೊಳಗಿನ ಸಣ್ಣ ಲೈನಿಗೆ ಇದರಿಂದ ಏನೂ ಆಗುವುದಿಲ್ಲ, ಕಿಲೋಮೀಟರುಗಟ್ಟಲೆ ಹೋಗುವ ಲೈನಿಗೆ ಆಗುತ್ತದೆ.

ಈಗ ಸರಳ ಸೂತ್ರ: ಬಲದ ವರ್ಗವನ್ನು, ಎರಡು × ಇಎ (ಯಂಗ್ ಮಾಡ್ಯುಲಸ್ × ಉಕ್ಕಿನ ಅಡ್ಡಕೊಯ್ತ) × ಮೀಟರಿನ ಘರ್ಷಣೆ, ಇವುಗಳ ಗುಣಲಬ್ಧದಿಂದ ಭಾಗಿಸಿ. ಬಲ 1,022, ಘರ್ಷಣೆ 1.68 ಹಾಕಿದರೆ 121 ಮಿ.ಮೀ. ನಿಮ್ಮ ಸಾಫ್ಟ್‌ವೇರ್ ಉತ್ತರ ಇದೇ. ಬೋರ್ಡನ್ ತೆರೆದರೆ 156. ತೇಲುವ ಬಲವನ್ನೂ ಕೊಟ್ಟರೆ 277. ಸಾಫ್ಟ್‌ವೇರ್ ಲೆಕ್ಕ ತಪ್ಪಿಲ್ಲ ಮಾರಾಯ್ರೇ, ಕೇಳಿದ್ದನ್ನೇ ಹೇಳಿದೆ.

ತೇಲುವ ಬಲ ಕೊಡುವಾಗ ಒಂದು ಎಚ್ಚರ. ಹಲವರು ಒಳಗಿನ ದ್ರವದ ಸಾಂದ್ರತೆಯನ್ನು ಕಡಿಮೆ ಮಾಡಿ, ಬೇಕಿದ್ದರೆ ಋಣ ಮಾಡಿಯೂ, ನೀರೊಳಗಿನ ತೂಕ ಹೊಂದಿಸ್ತಾರೆ. ಸ್ಥಿರ ಲೆಕ್ಕ ಸರಿಯಾಗಿಯೇ ಬರುತ್ತದೆ. ಆದರೆ ಅದೇ ಮಾಡೆಲ್‌ನಲ್ಲಿ ಕಂಪನದ ಆವರ್ತನ ತೆಗೆದರೆ ದ್ರವ್ಯರಾಶಿ ಸುಳ್ಳಾಗಿರುತ್ತದೆ, ಆವರ್ತನ ಇರುವುದಕ್ಕಿಂತ ಹೆಚ್ಚು ತೋರಿಸಿ ಸುರಕ್ಷಿತ ಅನ್ನಿಸಿಬಿಡುತ್ತದೆ. ಅದರ ಬದಲು ಸಾಂದ್ರತೆಗಳನ್ನು ಇದ್ದಹಾಗೇ ಬಿಟ್ಟು, ಮೀಟರಿಗೆ 1.462 ಕಿಲೋನ್ಯೂಟನ್ ಮೇಲ್ಮುಖ ಯೂನಿಫಾರ್ಮ್ ಲೋಡ್ ಕೊಡಿ. ಆಮೇಲೆ ಆ ಲೋಡನ್ನು ಪ್ರತಿ ಲೋಡ್ ಕೇಸಿಗೂ ಸೇರಿಸಿ: ಖಾಲಿ, ನೀರು ತುಂಬಿದ್ದು, ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಕೊಡುವ ಪರೀಕ್ಷೆ), ಆಪರೇಟಿಂಗ್. ಒಂದರಲ್ಲಿ ಬಿಟ್ಟುಹೋದರೂ ಆ ಕೇಸ್ ಪೂರ್ತಿ ಹಾಳು. ಸ್ಪೂಲಿಗೆ ಕಾಂಕ್ರೀಟ್ ಇಲ್ಲದಿದ್ದರೆ ಅಲ್ಲಿಗೆ ಬೇರೆಯದೇ ಮೌಲ್ಯ ಬರುತ್ತದೆ, ಮರೆಯಬೇಡಿ.

12 ಮೀಟರಿಗೊಂದು +ವೈ ಅಂದರೆ ಪೈಪು ಕಂಬದ ಮೇಲೆ ಮಲಗಿದಂತಾಯ್ತು. ತಳದಲ್ಲಿ ಅದು ಉದ್ದಕ್ಕೂ ಒರಗಿರುತ್ತದೆ. ನಿಮ್ಮ ಮಾಡೆಲ್‌ನಲ್ಲಿ ತೇಲುವ ಬಲ ಕೊಟ್ಟ ಮೇಲೂ ಪ್ರತಿ ಕಂಬದ ಮೇಲೆ ಸುಮಾರು 24 ಮೆಗಾಪಾಸ್ಕಲ್ ಬಾಗುವ ಸ್ಟ್ರೆಸ್ ಸುಮ್ಮನೆ ಕೂತಿದೆ, ನಿಜದಲ್ಲಿ ಅದು ಇಲ್ಲ. ಗೈಡುಗಳನ್ನಂತೂ ತಳದಿಂದ ಪೂರ್ತಿ ಕಿತ್ತುಹಾಕಿ. ಕೆಸರಿನಲ್ಲಿ ಗೈಡ್ ಅನ್ನೋ ವಸ್ತು ಇಲ್ಲ. ಸ್ಪೂಲಿನ ಹತ್ತಿರ ಪೈಪು ಪಕ್ಕಕ್ಕೆ ಬಾಗಿಯೇ ಹಿಗ್ಗುವಿಕೆ ನುಂಗಬೇಕು. ಅದನ್ನು ಗೈಡ್ ತಡೆದದ್ದಕ್ಕೇ ನಿಮಗೆ ಆ ನಂಬಲಾಗದ ಲೋಡ್ ಬಂದದ್ದು.

ಕಾಳಿ ಅಳಿವೆ (ಸದಾಶಿವಗಡ) ಉತ್ತರ:

ದಬ್ಬೆಯವರ ಲೆಕ್ಕ ಸರಿ. ಸಪೋರ್ಟ್ ಬದಲು ಎಂತ ಕೊಡಬೇಕು ಅನ್ನೋದು ಅಲ್ಲಿ ಬರಲಿಲ್ಲ, ಅದನ್ನು ಹೇಳ್ತೇನೆ.

ತಳವನ್ನು ಬೈಲೀನಿಯರ್ ಸ್ಪ್ರಿಂಗ್‌ಗಳಾಗಿ ಕೊಡಿ. ಸೀಸರ್‌ನಲ್ಲಿ ಎಕ್ಸ್2, ವೈ2, ಝಡ್2 ಅಂತ ಇವೆ. ಪ್ರತಿಯೊಂದಕ್ಕೂ ಮೂರು ಅಂಕಿ: ಮೊದಲ ಸ್ಟಿಫ್‌ನೆಸ್, ಜಾರುವ ಬಲ, ಜಾರಿದ ಮೇಲಿನ ಸ್ಟಿಫ್‌ನೆಸ್. ಉದ್ದದ ದಿಕ್ಕಿಗೆ ಉದಾಹರಣೆ: ಜಾರುವ ಬಲ ಮೀಟರಿಗೆ 0.948 ಕಿಲೋನ್ಯೂಟನ್, 5 ಮಿ.ಮೀ. ಸರಿದಾಗ ಪೂರ್ತಿ ಸಿಗುತ್ತದೆ ಎಂದಿಟ್ಟರೆ ಸ್ಟಿಫ್‌ನೆಸ್ ಪ್ರತಿ ಮೀಟರ್ ಪೈಪಿಗೆ 190 ಕಿಲೋನ್ಯೂಟನ್/ಮೀ. ನೋಡ್ (ಮಾಡೆಲ್ ಪೈಪನ್ನು ತುಂಡು ಮಾಡುವ ಬಿಂದು) ಅಂತರ 2 ಮೀಟರ್ ಇದ್ದಲ್ಲಿ ಜಾರುವ ಬಲ 1.896, ಸ್ಟಿಫ್‌ನೆಸ್ 379. ಅಂತರ 10 ಮೀಟರ್ ಇದ್ದಲ್ಲಿ 9.48 ಮತ್ತು 1,896. ಎಲ್ಲರೂ ಎಡವುವ ಜಾಗ ಇದೇ: ಮೆಶ್, ಅಂದರೆ ನೋಡ್ ಅಂತರ, ಬದಲಿಸಿ, ಸ್ಪ್ರಿಂಗಿನ ಅಂಕಿ ಬದಲಿಸಲಿಕ್ಕೆ ಮರೆಯೋದು. ಜಾರಿದ ಮೇಲಿನ ಸ್ಟಿಫ್‌ನೆಸ್‌ಗೆ ಶುದ್ಧ ಸೊನ್ನೆ ಕೊಡಬೇಡಿ, ಲೆಕ್ಕ ಕೂಡೋದಿಲ್ಲ. ಮೊದಲಿನದರ ಸಾವಿರದಲ್ಲೊಂದು ಪಾಲು ಇರಲಿ.

ನೋಡ್ ಅಂತರಕ್ಕೆ ಅಂದಾಜು: ಸ್ಪೂಲಿನಿಂದ 100 ಮೀಟರ್ ತನಕ 2 ಮೀಟರ್, ನಡುವಿನ ನೇರ ಉದ್ದಕ್ಕೆ 10 ಮೀಟರ್ ಅಡ್ಡಿಲ್ಲ. ಸ್ಪ್ಯಾನಿನ ಎರಡೂ ಭುಜದಲ್ಲಿ (ಪೈಪು ಮತ್ತೆ ನೆಲಕ್ಕೆ ತಾಗುವ ಅಂಚು) ಮಾತ್ರ ಸುಮಾರು ಪೈಪಿನ ವ್ಯಾಸದಷ್ಟೇ ಇರಲಿ, ಅಂದರೆ ಅರ್ಧ ಮೀಟರಿನ ಆಸುಪಾಸು.

ಇನ್ನು ಮ್ಯೂ ಬಗ್ಗೆ. ಬಂಡೆ ಮತ್ತು ಮರಳಿಗೆ ಮ್ಯೂ × ತೂಕ ಅನ್ನೋದು ಒಪ್ಪತಕ್ಕದ್ದು. ಕಾರವಾರದ ಹೊರಗಿನ ಕೆಸರಿನಂಥ ಮೆತ್ತನೆ ಜೇಡಿಗೆ ಅಷ್ಟು ಸುಲಭ ಇಲ್ಲ. ಪೈಪು ಬೇಗ ಸರಿದರೆ ಕೆಸರೊಳಗಿನ ನೀರಿಗೆ ಹೊರಬೀಳಲು ಸಮಯ ಸಿಗೋದಿಲ್ಲ. ಆಗ ತಡೆ ಅನ್ನೋದು ಪೈಪಿಗೆ ತಾಗಿರುವ ಅಗಲ ಮತ್ತು ಕೆಸರಿನ ಷಿಯರ್ ಬಲ, ಇವೆರಡರ ಮೇಲೆ ನಿಂತಿರುತ್ತದೆ, ಪೈಪಿನ ತೂಕದ ಮೇಲಲ್ಲ. ನಿಧಾನಕ್ಕೆ ಸರಿದರೆ ಮತ್ತೆ ತೂಕಕ್ಕೆ ತಕ್ಕಂತೆ. ಡಿಎನ್‌ವಿ ಆರ್‌ಪಿ-ಎಫ್114 ಇದನ್ನು ಎರಡು ಬೇರೆ ಬೇರೆ ಲೆಕ್ಕವಾಗಿಯೇ ಕೊಡುತ್ತದೆ. ಪೈಪು ಎಷ್ಟು ಹೂತಿದೆ ಅನ್ನೋದೂ ಆಪರೇಟಿಂಗ್ ತೂಕದಿಂದ ತೀರ್ಮಾನ ಆಗೋದಿಲ್ಲ. ಹಾಕುವಾಗ ತಳಕ್ಕೆ ತಾಗುವ ಬಿಂದುವಿನಲ್ಲಿ ಬಲ ತೂಕದ ಎರಡು ಮೂರು ಪಟ್ಟಾಗಬಹುದು. ಅದರ ಜೊತೆ ಅಲೆಗೆ ಪೈಪು ಅಲ್ಲಾಡಿ ಕೆಸರನ್ನು ಕಲಸಿಬಿಡುತ್ತದೆ.

ಆದ್ದರಿಂದ ಒಂದು ಮ್ಯೂ ಹಿಡಿದು ಕೂರಬೇಡಿ. ನಿಮ್ಮದೇ ಲೈನಿಗೆ ಮೂರು ಸಲ ಓಡಿಸಿ ನೋಡಿ. ಮ್ಯೂ 0.5 ಆದರೆ ತುದಿಯಿಂದ 1,226 ಮೀಟರ್ ಒಳಗೆ ಪೈಪು ನಿಲ್ಲುತ್ತದೆ, ತುದಿ 277 ಮಿ.ಮೀ. ಸರಿಯುತ್ತದೆ. ಮ್ಯೂ 0.8 ಆದರೆ 766 ಮೀಟರ್, 173 ಮಿ.ಮೀ. ಮ್ಯೂ 0.3 ಆದರೆ ಬೇಕಾದದ್ದು 2,042 ಮೀಟರ್. ಆದರೆ 4 ಕಿ.ಮೀ. ಲೈನಿನ ಅರ್ಧ 2,000 ಮೀಟರ್ ಮಾತ್ರ. ಅಂದರೆ ಪೂರ್ತಿ ಬಿಗಿಯಾದ ಭಾಗವೇ ಇಲ್ಲ, ಇಡೀ ಲೈನ್ ನಡುವಿನಿಂದ ಎರಡೂ ಕಡೆ ಸರಿಯುತ್ತದೆ. ಆಗ ಮೇಲಿನ ವರ್ಗದ ಸೂತ್ರವನ್ನು ಹಾಗೇ ಹಾಕುವಂತಿಲ್ಲ. ನೇರವಾಗಿ ಕೂಡಿದರೆ 461 ಮಿ.ಮೀ.

ಬೈತಕೋಲ:

ಇಬ್ಬರಿಗೂ ಧನ್ಯವಾದ. ಗೈಡ್ ತೆಗೆದೆ, ಮೇಲ್ಮುಖ ಲೋಡ್ ಕೊಟ್ಟೆ, ಬೋರ್ಡನ್ ತೆರೆದೆ, ಸ್ಪ್ರಿಂಗ್ ಹಾಕಿದೆ. ಈಗ 280 ಮಿ.ಮೀ. ಬರುತ್ತದೆ. ಮೂರು ಮಿ.ಮೀ. ಹೆಚ್ಚು ಎಂತಕ್ಕೆ? ಮತ್ತೆ, ಸ್ಪೂಲಿಗೆ ಯಾವ ಮ್ಯೂ ಹಿಡಿಯಲಿ? 173ಕ್ಕೂ 461ಕ್ಕೂ ಅಜಗಜ ಅಂತರ.

ಕಾಳಿ ಅಳಿವೆ:

ಮೂರು ಮಿ.ಮೀ. ಸ್ಪ್ರಿಂಗಿನದು. ಕೈಲೆಕ್ಕದಲ್ಲಿ ಘರ್ಷಣೆ ಮುಟ್ಟಿದ ಕೂಡಲೇ ಪೂರ್ತಿ ಸಿಗುತ್ತದೆ. ಸ್ಪ್ರಿಂಗಿಗೆ ಮಾತ್ರ 5 ಮಿ.ಮೀ. ಸರಿಯಬೇಕು. ಆದ್ದರಿಂದ ಪೈಪು ಒಂದು ಕಡೆ ಗಕ್ಕನೆ ನಿಲ್ಲೋದಿಲ್ಲ, ಕೊನೆಯ 110 ಕಿಲೋನ್ಯೂಟನ್ ಅಷ್ಟು ಬಲ ನಿಧಾನಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿದರೆ 279.6 ಬರುತ್ತದೆ, ನಿಮ್ಮ ಮಾಡೆಲ್ ಸರಿಯಾಗಿದೆ.

ಸ್ಪೂಲಿನ ಉದ್ದ ತೀರ್ಮಾನಕ್ಕೆ ಲೈನಿನ ಉದ್ದದ ತಡೆ ಕನಿಷ್ಠ, ಸ್ಪೂಲಿನ ಕೆಳಗಿನ ಪಕ್ಕದ ತಡೆ ಗರಿಷ್ಠ. ಎರಡಕ್ಕೂ ಒಂದೇ ಕಡೆಯ ಮೌಲ್ಯ ಹಾಕಿದರೆ ಸರಿಯಾದ ಕೆಟ್ಟ ಸ್ಥಿತಿ ಸಿಗೋದಿಲ್ಲ. ಪೈಪು ಪಕ್ಕಕ್ಕೆ ಹಾವಿನಂತೆ ಬಾಗುತ್ತದೆಯೇ ಅಂತ ನೋಡುವಾಗ ಬೇರೆ ಲೆಕ್ಕ: ಉದ್ದದ ತಡೆ ಹೆಚ್ಚಿದ್ದಾಗಲೇ ಪೈಪಿನೊಳಗೆ ಒತ್ತುಬಲ ಕಟ್ಟಿಕೊಳ್ಳುತ್ತದೆ. ಆ ಪರೀಕ್ಷೆ ಸೀಸರ್‌ನಲ್ಲಿ ಆಗೋದೂ ಇಲ್ಲ. ಅದು ಸಣ್ಣ ಸರಿತದ ಸಿದ್ಧಾಂತದ ಮೇಲೆ ಕಟ್ಟಿದ್ದು, 1,162 ಕಿಲೋನ್ಯೂಟನ್ ಒತ್ತುಬಲ ಕೊಟ್ಟರೂ ಪೈಪನ್ನು ನೆಟ್ಟಗೇ ತೋರಿಸುತ್ತದೆ. ಅದಕ್ಕೆ ಅಬಾಕಸ್ ಅಥವಾ ಆನ್ಸಿಸ್‌ನಲ್ಲಿ ದೊಡ್ಡ ಸರಿತದ ಆಯ್ಕೆ ತೆರೆದು ಮಾಡಬೇಕು.

ಅಡಿಕೆ ದಬ್ಬೆ:

ಸ್ಪೂಲಿನ ಅಡ್ಡಕಾಲಿಗೆ ಮೊದಲ ಅಂದಾಜು ಬೇಕಿದ್ದರೆ: ಬೇಕಾದ ಉದ್ದದ ವರ್ಗ = 3 × ಯಂಗ್ ಮಾಡ್ಯುಲಸ್ × ಹೊರವ್ಯಾಸ × ಸರಿತ ÷ ಬಿಡಬಹುದಾದ ಸ್ಟ್ರೆಸ್. ಈ ಹಿಗ್ಗುವಿಕೆಗೆಂದು 250 ಮೆಗಾಪಾಸ್ಕಲ್ ಮೀಸಲಿಟ್ಟರೆ 277 ಮಿ.ಮೀ.ಗೆ ಸುಮಾರು 15 ಮೀಟರ್, 461ಕ್ಕೆ ಸುಮಾರು 19 ಮೀಟರ್. ಬೆಂಡಿನ ಮೃದುತ್ವವಾಗಲಿ ಅಲ್ಲಿ ಹೆಚ್ಚುವ ಸ್ಟ್ರೆಸ್ ಆಗಲಿ ಇದರಲ್ಲಿ ಬಂದಿಲ್ಲ, ಮಾಡೆಲ್ ಶುರುಮಾಡಲಿಕ್ಕೆ ಸಾಕು. ಅಜಗಜ ಅಂದಿರಿ, ಉಕ್ಕಿನ ಲೆಕ್ಕದಲ್ಲಿ ಅದು ನಾಲ್ಕು ಮೀಟರ್ ಅಷ್ಟೆ.

ಬಳಚಿನ ಚಿಪ್ಪು (ತದಡಿ) ಉತ್ತರ:

ಸ್ಪ್ಯಾನಿನ ಪ್ರಶ್ನೆ ಹಾಗೇ ಉಳಿದಿದೆ.

ಗ್ರೌಟ್ ಬ್ಯಾಗಿಗೆ ಗಟ್ಟಿ +ವೈ ಹಾಕಿ ಓಡಿಸಿದರೆ ಬ್ಯಾಗಿನ ಮೇಲೆ ಸುಮಾರು 19 ಕಿಲೋನ್ಯೂಟನ್ ತೋರಿಸುತ್ತದೆ, ಸ್ಪ್ಯಾನ್ ಹತ್ತು ಹತ್ತು ಮೀಟರಿನ ಎರಡಾಯ್ತು ಅಂತ ಖುಷಿಯೂ ಆಗುತ್ತದೆ. ನಿಜದಲ್ಲಿ ಹಾಗಾಗೋದಿಲ್ಲ. ಬ್ಯಾಗ್ ಬರುವುದು ಪೈಪು ಮಲಗಿ, ಬಗ್ಗಿ ನಿಂತ ಮೇಲೆ. ಎರಡೂ ತುದಿ ಬಿಗಿ ಅಂತ ಹಿಡಿದರೂ 20 ಮೀಟರಿನ ಸ್ಪ್ಯಾನ್ ಖಾಲಿ ಇದ್ದಾಗ 17 ಮಿ.ಮೀ., ಎಣ್ಣೆ ತುಂಬಿದಾಗ 25 ಮಿ.ಮೀ. ಬಗ್ಗುತ್ತದೆ. ಕೆಸರಿನ ಭುಜ ಅಷ್ಟು ಬಿಗಿ ಇರೋದಿಲ್ಲವಾದ್ದರಿಂದ ಇನ್ನೂ ಹೆಚ್ಚೇ. ಖಾಲಿ ಪೈಪಿನ ಕೆಳಗೆ ಬ್ಯಾಗ್ ತುಂಬಿದರೆ ಅದುವರೆಗಿನ ತೂಕವನ್ನು ಭುಜಗಳೇ ಹೊತ್ತಾಗಿದೆ. ಆಮೇಲೆ ಬರುವ ಎಣ್ಣೆಯ ಪಾಲು ಮಾತ್ರ ಬ್ಯಾಗಿಗೆ ಸಿಗುವುದು. ಅದನ್ನು ಮಾಡೆಲ್‌ನಲ್ಲಿ ತೋರಿಸುವ ಸುಲಭದ ದಾರಿ: +ವೈಗೆ ಗ್ಯಾಪ್ ಕೊಡಿ. ಗ್ಯಾಪ್ ಎಂದರೆ ಖಾಲಿ ಸ್ಥಿತಿಯಲ್ಲಿ ಆ ನೋಡ್ ಎಷ್ಟು ಇಳಿದಿತ್ತೋ ಅಷ್ಟು, ಅದಕ್ಕೆ ಬ್ಯಾಗ್ ಕೂರುವ ಇಳಿತವನ್ನೂ ಸೇರಿಸಬೇಕು.

ಬ್ಯಾಗಿನ ಕೆಳಗಿನ ಕೆಸರನ್ನೂ ನೋಡಿ. 2 ಮೀಟರ್ × 2 ಮೀಟರ್, ದಪ್ಪ 0.4 ಮೀಟರ್ ಬ್ಯಾಗ್, ಗ್ರೌಟ್ ಘನಮೀಟರಿಗೆ 1,900 ಕೆ.ಜಿ. ಅಂತ ಹಿಡಿದರೆ ನೀರೊಳಗೆ ಅದರದ್ದೇ ತೂಕ 13.7 ಕಿಲೋನ್ಯೂಟನ್. ಪೈಪಿನ 19 ಕೂಡಿದರೆ 33ರ ಹತ್ತಿರ. ಕೆಸರಿನ ಷಿಯರ್ ಬಲ 5 ಕಿಲೋಪಾಸ್ಕಲ್ ಇದ್ದರೆ ತಳ ಹೊರುವುದು 103, ಮೂರು ಪಟ್ಟು ಇದೆ, ಆದೀತು. 2 ಕಿಲೋಪಾಸ್ಕಲ್ ಆದರೆ 41 ಮಾತ್ರ. ಅಲ್ಲಿ ಬ್ಯಾಗ್ ಇಟ್ಟರೆ ತಿಂಗಳೊಳಗೆ 25 ಮಿ.ಮೀ. ಕೂರುವುದರಲ್ಲಿ ಆಶ್ಚರ್ಯ ಇಲ್ಲ. ಅಷ್ಟು ಕೂತರೆ ಬ್ಯಾಗ್ ಇದ್ದೂ ಇಲ್ಲದ ಹಾಗೆ. ಬುಡ ಅಗಲ ಮಾಡಬೇಕು, ಇಲ್ಲವೇ ಕೆಳಗೆ ಮ್ಯಾಟ್ರೆಸ್ (ಕಾಂಕ್ರೀಟ್ ತುಂಡುಗಳ ಹಾಸು) ಹಾಸಬೇಕು.

ಪಕ್ಕದ ದಿಕ್ಕಿಗೆ ಬ್ಯಾಗ್ ಗೈಡ್ ಅಲ್ಲ. ಮೇಲಿನ ಬಲಕ್ಕೆ ತಕ್ಕ ಘರ್ಷಣೆ ಅಷ್ಟೇ. ಮೇಲೆ ಬಲವೇ ಇಲ್ಲದಿದ್ದರೆ ಅದೂ ಇಲ್ಲ. ಪೈಪಿನ ಮೇಲೆ ಹಾಸುವ 6 × 3 × 0.3 ಮೀಟರಿನ ಕಾಂಕ್ರೀಟ್ ಮ್ಯಾಟ್ರೆಸ್ ಕೂಡ ಹಾಗೆ. ಅದರ ತೂಕದ ಬಹುಪಾಲು ಎರಡು ಪಕ್ಕದ ನೆಲಕ್ಕೆ ಹೋಗುತ್ತದೆ, ಪೈಪಿಗೆ ಸಿಗುವುದು ಸ್ವಲ್ಪ. ಮ್ಯಾಟ್ರೆಸ್ ಇದ್ದಲ್ಲೆಲ್ಲ ಆಂಕರ್ ಕೊಟ್ಟ ಮಾಡೆಲ್ ಕಂಡರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ.

ಇನ್ನು ಕಂಪನ. ಇಲ್ಲಿ ಸ್ಥಿರ ಲೆಕ್ಕದ ಸ್ಪ್ರಿಂಗನ್ನೇ ಬಳಸಬಾರದು. ಡಿಎನ್‌ವಿ ಆರ್‌ಪಿ-ಎಫ್105ರಲ್ಲಿ ತೀರ ಮೆತ್ತನೆ ಜೇಡಿಗೆ ಲಂಬ ಸ್ಥಿರ ಸ್ಟಿಫ್‌ನೆಸ್ ಮೀಟರಿಗೆ 50ರಿಂದ 100 ಕಿಲೋನ್ಯೂಟನ್/ಮೀ. ಅದೇ ಜೇಡಿಗೆ, ಈ ಪೈಪಿಗೆ, ಕಂಪನದ ಸ್ಟಿಫ್‌ನೆಸ್ ಲೆಕ್ಕ ಹಾಕಿದರೆ ಸುಮಾರು 1,300. ಅಲ್ಲಾಟ ಸಣ್ಣದು, ವೇಗ ಹೆಚ್ಚು, ಕೆಸರು ಆಗ ಗಟ್ಟಿಯಾಗಿಯೇ ವರ್ತಿಸುತ್ತದೆ. ಆದ್ದರಿಂದ ಎರಡು ಮಾಡೆಲ್ ಬೇಕು: ಬಗ್ಗುವಿಕೆಗೆ ಒಂದು, ಆವರ್ತನಕ್ಕೆ ಒಂದು.

ಆವರ್ತನಕ್ಕೆ ದ್ರವ್ಯರಾಶಿ 342 ಅಲ್ಲ, ಪೈಪಿನ ಜೊತೆ ಅಲ್ಲಾಡುವ ನೀರೂ ಸೇರಿ 491 ಕೆ.ಜಿ. ಇದು ಪೈಪಿನ ಕೆಳಗಿನ ಸಂದು ವ್ಯಾಸದ 0.8 ಪಾಲಿಗಿಂತ ಹೆಚ್ಚಿದ್ದಾಗ. ಸಂದು ಕಿರಿದಾದಷ್ಟೂ ಜೊತೆಯ ನೀರು ಹೆಚ್ಚುತ್ತದೆ, ತಳಕ್ಕೆ ತಾಗುವಷ್ಟಾದರೆ 2.28 ಪಟ್ಟು. 20 ಮೀಟರಿಗೆ ಎರಡೂ ತುದಿ ಬಿಗಿ ಹಿಡಿದರೆ 2.24 ಹರ್ಟ್ಸ್, ಬರೀ ಒರಗಿಸಿದ ತುದಿ ಹಿಡಿದರೆ 0.99. ನೀರು ಸೆಕೆಂಡಿಗೆ 1 ಮೀಟರ್ ಹರಿಯುತ್ತಿದ್ದರೆ ಇಳಿಸಿದ ವೇಗ (ನೀರಿನ ವೇಗವನ್ನು ಆವರ್ತನ × ಹೊರವ್ಯಾಸದಿಂದ ಭಾಗಿಸಿದ್ದು) ಮೊದಲನೆಯದಕ್ಕೆ 1.04, ಎರಡನೆಯದಕ್ಕೆ 2.35. ಮೊದಲನೆಯದು ಹರಿವಿನ ದಿಕ್ಕಿನ ಕಂಪನದ ಹೊಸ್ತಿಲಲ್ಲಿದೆ. ಎರಡನೆಯದರಲ್ಲಿ ಪೈಪು ಅಡ್ಡಕ್ಕೂ ಕುಣಿಯಲು ಶುರು. ಸಪೋರ್ಟಿನ ಒಂದು ಆಯ್ಕೆಯಿಂದ ಇಷ್ಟು ಅಂತರ. ಇದರ ಜೊತೆ ಪೈಪಿನ ಉದ್ದದ ಒತ್ತುಬಲ: 1,162 ಕಿಲೋನ್ಯೂಟನ್ ಪೂರ್ತಿ ಇದ್ದರೆ ಬಿಗಿ ತುದಿಯ 2.24 ಇಳಿದು 1.77 ಆಗುತ್ತದೆ. ಒರಗಿಸಿದ ತುದಿಗೆ ಬಕ್ಲಿಂಗ್ ಬಲವೇ 769, ಅಂದರೆ ಆ ಮಾಡೆಲ್‌ನಲ್ಲಿ ಪೈಪು ಆಗಲೇ ಮಡಚಿಕೊಂಡಿದೆ. ನಿಮ್ಮ ಸ್ಪ್ಯಾನ್ ಜೆಟ್ಟಿಯ ಹತ್ತಿರ ಇದ್ದರೆ ಅಷ್ಟು ಬಲ ಅಲ್ಲಿಗೆ ಬರೋದಿಲ್ಲ. ತುದಿಯಿಂದ 300 ಮೀಟರಿನಲ್ಲಿ ಮ್ಯೂ 0.5ಕ್ಕೆ 284 ಮಾತ್ರ. ಸ್ಪ್ಯಾನ್ ಎಲ್ಲಿದೆ ಅಂತ ನೀವು ಬರೆದಿಲ್ಲ, ಅದು ಮುಖ್ಯ.

ನಮ್ಮ ಕಡೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ ಟ್ರಾಲರ್‌ಗಳು ಇಳಿಯುತ್ತವೆ. ಸ್ಪ್ಯಾನಿನ ಕೆಳಗೆ ಬಲೆಯ ಹಲಗೆ ಸಿಕ್ಕಿಹಾಕಿಕೊಳ್ಳುವ ಲೆಕ್ಕ ಆರ್‌ಪಿ-ಎಫ್111ರಲ್ಲಿದೆ. ಆ ಬಲವನ್ನು ಪಕ್ಕದ ಸ್ಪ್ರಿಂಗ್‌ಗಳಿರುವ ಮಾಡೆಲ್‌ಗೇ ಕೊಡಬೇಕು.

ಶರಾವತಿ ಸೇತುವೆ (ಹೊನ್ನಾವರ) ಉತ್ತರ:

ರೈಸರಿನ ಬಗ್ಗೆ. ಎಲ್ಲ ಕ್ಲಾಂಪೂ ಆಂಕರ್ ಆದರೆ ಎರಡು ಕ್ಲಾಂಪಿನ ನಡುವೆ ಸಿಕ್ಕ ಪೈಪಿಗೆ ಹಿಗ್ಗಲು ಜಾಗವೇ ಇಲ್ಲ. ಸಾಮಾನ್ಯ ಏರ್ಪಾಡು ಹೀಗೆ: ನೀರಿನ ಮೇಲೆ, ಅಲೆ ಬಡಿಯದ ಎತ್ತರದಲ್ಲಿ ಒಂದು ತೂಗು ಕ್ಲಾಂಪ್, ತೂಕವೆಲ್ಲ ಅದರದ್ದು. ಕೆಳಗಿನವೆಲ್ಲ ಒಳಗೆ ನಿಯೋಪ್ರೀನ್ ಪದರ ಇರುವ ಗೈಡ್ ಕ್ಲಾಂಪ್. ಅವು ಎರಡು ಅಡ್ಡ ದಿಕ್ಕು ಹಿಡಿದು ಮೇಲೆ ಕೆಳಗೆ ಜಾರಲು ಬಿಡುತ್ತವೆ. ಡ್ರಾಯಿಂಗಿನಲ್ಲಿರುವ ಗ್ಯಾಪನ್ನು ಎರಡೂ ಬದಿಗೂ ಕೊಡಿ.

ಕ್ಲಾಂಪ್ ನೆಲಕ್ಕೆ ಕಟ್ಟಿದ್ದಲ್ಲ, ಜೆಟ್ಟಿಯ ಕಂಬಕ್ಕೆ ಕಟ್ಟಿದ್ದು. ಆದ್ದರಿಂದ ಪ್ರತಿ ಕ್ಲಾಂಪಿಗೂ ಸಿ-ನೋಡ್ (ಕ್ಲಾಂಪ್ ಇನ್ನೊಂದು ಕಡೆ ಕಟ್ಟಿಕೊಂಡ ಬಿಂದು) ಕೊಟ್ಟು, ಆ ಸಿ-ನೋಡಿಗೆ ಕಂಬದ ಸರಿತವನ್ನು ಹಾಕಿ. ಮಳೆಗಾಲದ ಅಲೆಗೆ ಮೇಲಿನ ಕ್ಲಾಂಪ್ ಹೆಚ್ಚು, ಬುಡದ್ದು ಕಡಿಮೆ ಸರಿಯುತ್ತದೆ. ಆ ವ್ಯತ್ಯಾಸವೇ ರೈಸರನ್ನು ಬಗ್ಗಿಸುವುದು. ತೂಗು ಕ್ಲಾಂಪಿನಿಂದ 20 ಮೀಟರ್ ಕೆಳಗೆ ಉಷ್ಣತೆಯಿಂದ 8 ಮಿ.ಮೀ. ಇಳಿತ. ಬುಡದ ಬೆಂಡಿನ ಕೆಳಗೆ ಗಟ್ಟಿ +ವೈ ಇದ್ದರೆ ಅದು ಆ 8 ಮಿ.ಮೀ. ಅನ್ನು ತಡೆದು, ತೂಗು ಕ್ಲಾಂಪಿನ ತೂಕವನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಅಲ್ಲಿ ಕೆಸರಿನ ಸ್ಪ್ರಿಂಗ್ ಮಾತ್ರ ಇರಲಿ. ಕೊನೆಯ ಗೈಡ್ ಬೆಂಡಿಗೆ ತೀರ ಹತ್ತಿರ ಬಂದರೂ ಸ್ಪೂಲಿನಿಂದ ಬರುವ ಸರಿತ ಅಲ್ಲೇ ಕತ್ತು ಹಿಸುಕುತ್ತದೆ.

ಅಲೆಯ ಲೋಡ್ ಕೊಡುವಾಗ ನೀಲಿಕಲ್ಲು (ಕಂಬಕ್ಕೆ ಅಂಟಿ ಬೆಳೆಯುವ ಚಿಪ್ಪುಜೀವಿ) ಮರೆಯಬೇಡಿ. ಕಂಬಕ್ಕೆ ಹಿಡಿಯುವುದೆಲ್ಲ ರೈಸರಿಗೂ ಹಿಡಿಯುತ್ತದೆ. 50 ಮಿ.ಮೀ. ಬೆಳೆಯಿತು ಎಂದರೆ 330 ಮಿ.ಮೀ. ರೈಸರ್ 430 ಆಯ್ತು. ಎಪಿಐ ಆರ್‌ಪಿ 2ಎ ಪ್ರಕಾರ ನುಣುಪಾದ ಮೈಗೆ ಎಳೆತದ ಗುಣಾಂಕ 0.65, ಒರಟು ಮೈಗೆ 1.05. ಎರಡೂ ಕೂಡಿ ಎಳೆತ 2.1 ಪಟ್ಟು. ಗೈಡ್ ಕ್ಲಾಂಪಿನ ಬೋಲ್ಟ್ ಆಯ್ಕೆ ಮಾಡಬೇಕಾದ್ದು ಆ ಲೋಡಿಗೆ.

ಕೋಡ್ ಬದಲಾಗುವ ಗಡಿಯನ್ನೂ ಸರಿಯಾಗಿ ಇಡಿ. ಎಎಸ್‌ಎಂಇ ಬಿ31.4ರ ಆಫ್‌ಶೋರ್ ಅಧ್ಯಾಯದಲ್ಲಿ ಹೂಪ್ ಸ್ಟ್ರೆಸ್ (ಒಳಗಿನ ಒತ್ತಡಕ್ಕೆ ಗೋಡೆಯ ಸುತ್ತ ಬರುವ ಸ್ಟ್ರೆಸ್) ಮಿತಿ, ಉಕ್ಕಿನ ಯೀಲ್ಡ್ ಬಲದ ಪಾಲಾಗಿ, ಪೈಪ್‌ಲೈನಿಗೆ 0.72, ರೈಸರಿಗೆ 0.60. ಇಡೀ ಮಾಡೆಲ್‌ಗೆ ಒಂದೇ ಅಂಕಿ ಹಾಕಿ ಬಿಡುವುದು ಸಾಮಾನ್ಯ ತಪ್ಪು.

ಬೈತಕೋಲ:

ಸ್ಪ್ಯಾನ್ ಇರುವುದು ಜೆಟ್ಟಿ ತುದಿಯಿಂದ 250 ಮೀಟರಿನಲ್ಲಿ. ಗ್ಯಾಪ್ ಇರುವ +ವೈ ಹಾಕಿ ನೋಡ್ತೇನೆ. ಕೊನೆಯ ಪ್ರಶ್ನೆ: ಖಾಲಿ ಸ್ಥಿತಿಯಲ್ಲಿ ಅಲೆ ಕೊಟ್ಟರೆ ಸ್ಪೂಲಿನ ಲೆಕ್ಕ ಕೂಡೋದೇ ಇಲ್ಲ, +ವೈಗಳು ಒಮ್ಮೆ ತಾಗಿ ಒಮ್ಮೆ ಬಿಡ್ತವೆ. ಸ್ಪೂಲಿಗೆ ಕಾಂಕ್ರೀಟ್ ಇಲ್ಲ.

ಅಡಿಕೆ ದಬ್ಬೆ:

ಸಾಫ್ಟ್‌ವೇರ್ ಸರಿಯಾದದ್ದನ್ನೇ ಹೇಳ್ತಾ ಇದೆ. ಕಾಂಕ್ರೀಟ್ ಇಲ್ಲದ ಖಾಲಿ ಸ್ಪೂಲ್ ಮೀಟರಿಗೆ 100.6 ಕೆ.ಜಿ., ಸರಿಸುವ ನೀರು 87.8. ಉಳಿಯುವ ತೂಕ ಮೀಟರಿಗೆ 12.8 ಕೆ.ಜಿ. ಮಾತ್ರ. ಅಲೆಯ ಎತ್ತುಬಲ ಅದನ್ನು ಸುಲಭವಾಗಿ ಮೀರುತ್ತದೆ, ಮೀರಿದ ಕ್ಷಣ ಘರ್ಷಣೆಯೂ ಸೊನ್ನೆ. ಕನ್ವರ್ಜೆನ್ಸ್ ಮಿತಿ ಸಡಿಲಿಸಿ ಒತ್ತಾಯದಿಂದ ಉತ್ತರ ತೆಗೆಯಬೇಡಿ. ಸ್ಪೂಲನ್ನು ನೀರು ತುಂಬಿಯೇ ಇಳಿಸಿ ಜೋಡಿಸುವ ಕ್ರಮ ಇಟ್ಟುಕೊಂಡು ಖಾಲಿ ಕೇಸನ್ನೇ ತೆಗೆದುಹಾಕಬಹುದು. ಆಗ ಮೀಟರಿಗೆ 84 ಕೆ.ಜಿ. ಸಿಗುತ್ತದೆ. ಮುಂದೆ ಯಾವಾಗಲಾದರೂ ಲೈನ್ ಖಾಲಿ ಮಾಡಿ ಗಾಳಿ ಅಥವಾ ಸಾರಜನಕ ತುಂಬುವ ಯೋಚನೆ ಇದ್ದರೆ ಮಾತ್ರ ಸ್ಪೂಲಿನ ನೇರ ಭಾಗದ ಮೇಲೆ ಮ್ಯಾಟ್ರೆಸ್ ಬೇಕು. ಬೆಂಡಿನಿಂದ ದೂರ ಇಡಿ, ಮತ್ತೆ ಅಲ್ಲಿ ಪಕ್ಕದ ಸ್ಪ್ರಿಂಗಿನ ಜಾರುವ ಬಲ ಹೆಚ್ಚಿಸಿ 461 ಮಿ.ಮೀ. ಕೇಸನ್ನು ಇನ್ನೊಮ್ಮೆ ಓಡಿಸಿ.